ಯಾರಿಗೂ ಗುದ್ದದ ಗಾಡಿ

ಮದ್ದೂರು
19 ಜನವರಿ 2025

ಪ್ರೀತಿಯ ವೀಣ,

ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು. ಉತ್ತರ ಬರೆಯಲಿಲ್ಲ ಅಂತ ಬೈದುಕೊಂಡಿರುತ್ತೀಯ, ಬೈದುಕೋ. ನಿಮ್ಮ ಬ್ಲಫ್ ಪವರ್‌ಹೌಸಿನ ಕ್ವಾರ್ಟರ್ಸ್‌ನಲ್ಲಿ ಊರಿಗೆಲ್ಲ ಕರೆಂಟು ಹುಟ್ಟುತ್ತದೆ, ಫೋನಿಗೆ ಮಾತ್ರ ಸಿಗ್ನಲ್ ಹುಟ್ಟುವುದಿಲ್ಲ. "ಹಲೋ ನುಜ್ಜು" ಅನ್ನುತ್ತೀಯ, ಆಮೇಲೆ ಬರೀ ಗೊರಗೊರ. ಅದೂ ಅಲ್ಲದೆ ಈಗ ಹೇಳಬೇಕಾಗಿರುವುದನ್ನು ಫೋನಿನಲ್ಲಿ ಆಡಲೇಬೇಡಿ ಎಂದು ವಕೀಲರು ಕಟ್ಟಪ್ಪಣೆ ಮಾಡಿದ್ದಾರೆ. ಮಳವಳ್ಳಿ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು ನನ್ನ ಪ್ರಬಂಧ ಓದಿ ಹೊಗಳಿದಾಗ ನೀನು ಬೆಂಚಿನ ಕೆಳಗೆ ನನ್ನ ತೊಡೆ ಚಿವುಟಿದ್ದೆಯಲ್ಲ, ಆ ಹೊಟ್ಟೆಕಿಚ್ಚಿಗೆ ಈಗ ಅನುಭವಿಸು, ಉದ್ದ ಕಾಗದ ಓದು.

ನನ್ನ ಮೈ ಪರವಾಗಿಲ್ಲ. ಹೊಟ್ಟೆಯ ಹೊಲಿಗೆ ವಾಸಿಯಾಗಿದೆ, ಮತ್ತೆ ಮಿಷನ್ ಮುಂದೆ ಕುಳಿತು ಬ್ಲೌಸ್ ಹೊಲಿಯುತ್ತಿದ್ದೇನೆ. ನವೆಂಬರಿನ ಆ ಬೆಳಗ್ಗೆಯ ಬಗ್ಗೆ ಬರೆಯುವುದಿಲ್ಲ. ಮಂಡ್ಯದ ಆಸ್ಪತ್ರೆಗೆ ತುಂಬಿದ ಬಸುರಿಯಾಗಿ ಹೋದೆ, ಖಾಲಿ ಕೈಯಲ್ಲಿ ಮನೆಗೆ ಬಂದೆ, ನಿನಗೆ ಗೊತ್ತು, ಅಷ್ಟು ಸಾಕು. ಇವತ್ತು ಹೇಳುತ್ತಿರುವುದು ನನ್ನ ಯಜಮಾನರು ವಾಜಿದ್ ಸಾಹೇಬರು ಮಾಡಿಕೊಂಡಿರುವ ಘನಕಾರ್ಯದ ವಿಷಯ.

ಆ ಬೆಳಗ್ಗೆ ಇವರು ಆಸ್ಪತ್ರೆಯಲ್ಲಿ ನನ್ನ ಪಕ್ಕದಲ್ಲಿದ್ದರು. ನಮ್ಮ ಗೂಡ್ಸ್ ಟೆಂಪೊ ಮದ್ದೂರಿನಲ್ಲಿ, ಇವರ ಗ್ಯಾರೇಜಿನ ಒಳಗೆ, ಶಟರ್ ಎಳೆದುಕೊಂಡು ನಿಂತಿತ್ತು. ಇವೆರಡನ್ನೂ ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದು. ಅದೇ ಹೊತ್ತಿಗೆ ಮಳವಳ್ಳಿ ರಸ್ತೆಯ ಒಂದು ಹಳ್ಳಿಯಲ್ಲಿ ದೇವಿರಮ್ಮ ಅನ್ನುವ ಹೆಂಗಸು ಹಾಲಿನ ಕ್ಯಾನು ಹಿಡಿದು ಡೈರಿಗೆ ನಡೆದು ಹೋಗುತ್ತಿದ್ದಳು. ಮಂಜು ದಟ್ಟವಾಗಿತ್ತು. ಯಾವುದೋ ಗಾಡಿ ಗುದ್ದಿ ಹೋಯಿತು. ಜನ ನೋಡುವ ಹೊತ್ತಿಗೆ ಜೀವ ಹೋಗಿತ್ತು. ಗಂಡ ಮೊದಲೇ ತೀರಿಕೊಂಡಿದ್ದ. ಹಿಂದೆ ಉಳಿದವರು ಪಿಯುಸಿ ಓದುವ ಮಗಳು ಗಗನ ಮತ್ತು ಮುದುಕಿ ಅತ್ತೆ ಚಿಕ್ಕಬೋರಮ್ಮ. ಊರಿನವರು ಇವತ್ತಿಗೂ ಒಂದೇ ಮಾತು ಆಡುತ್ತಾರಂತೆ. ಹೆಣ ಚರಂಡಿ ಪಕ್ಕದಲ್ಲಿ ಬಿದ್ದಿತ್ತು, ಹಾಲಿನ ಕ್ಯಾನು ಮಾತ್ರ ಮುಚ್ಚಳ ಹಾಕಿಕೊಂಡು ಅವಳ ತಲೆಯ ಹತ್ತಿರ ನೆಟ್ಟಗೆ ನಿಂತಿತ್ತು. ಗುದ್ದಿದ ರಭಸಕ್ಕೆ ಅದು ಹೇಗೆ ನಿಂತಿತು ಅಂತ ಯಾರಿಗೂ ತಿಳಿಯಲಿಲ್ಲ.

ಗುದ್ದಿದವನು ಅದೇ ಊರಿನ ಪುನೀತ. ಕಬ್ಬು, ತೆಂಗಿನಕಾಯಿ ಸಾಗಿಸುವ ಪಿಕಪ್ ಇಟ್ಟುಕೊಂಡಿದ್ದಾನೆ, ಇವರ ಹಳೆಯ ಗಿರಾಕಿ, ನನ್ನನ್ನು ಬಾಯ್ತುಂಬ ಅಕ್ಕ ಅನ್ನುತ್ತಾನೆ. ನಾನು ಆಸ್ಪತ್ರೆಯಿಂದ ಬಂದು ಮಲಗಿದ್ದಾಗ ಅವನ ದೊಡ್ಡಪ್ಪ ಜವರಯ್ಯನವರು ಗ್ಯಾರೇಜಿಗೆ ಬಂದರು. ಗ್ಯಾರೇಜಿಗೂ ನಮ್ಮ ಮನೆಗೂ ನಡುವೆ ಇರುವುದು ಒಂದು ತಗಡು, ಎಲ್ಲ ಕೇಳಿಸಿತು.

"ನೋಡಿ ಸಾಬ್ರೆ, ನಮ್ ಪುನೀತ ತೆಪ್ ಮಾಡವ್ನೆ, ಇಲ್ಲ ಅನ್ನಕಿಲ್ಲ. ಆದ್ರೆ ಅವ್ನ್ ಗಾಡಿಗೆ ಇನ್ಸೂರೆನ್ಸು ಕಟ್ಟಿಲ್ಲ. ನಿಜ ಏಳುದ್ರೆ ಪರಿಯಾರ ಎಲ್ಲ ಓನರ್ ತಲೆ ಮ್ಯಾಲೇ ಬತ್ತದೆ. ನಮ್ ಜಮೀನು ಅಣ್ಣತಮ್ಮದೀರ ವ್ಯಾಜ್ಯದಲ್ ಅದೆ, ಮಾರಕಾಗಕಿಲ್ಲ. ಯಾವ ಗಾಡಿ ಗೊತ್ತಿಲ್ಲ ಅಂದ್ರೆ ಸರ್ಕಾರದೋರು ಏನೋ ಒಂದಿಷ್ಟು ಕೊಟ್ಟು ಕೈ ತೊಳ್ಕತರೆ. ನಿಮ್ ಗಾಡಿಗೆ ಇನ್ಸೂರೆನ್ಸ್ ಅದೆ, ನಿಮ್ ಲೈಸೆನ್ಸು ಸರ್ಯಾಗದೆ. ನಿಮ್ಮದೇ ಅಂದ್ರೆ ಕಂಪ್ನಿಯೋರು ಕೊಡ್ತರೆ, ಆ ಎಣ್ಣುಡ್ಗಿ ಬದೀಕತದೆ. ಯಾರ್ ಗಂಟೂ ಓಗಕಿಲ್ಲ ಕಣಿ ಸಾಬ್ರೆ."

ಅವರು ಹೋದ ಮೇಲೆ ನಾನು ಇವರನ್ನು ಕರೆದು, "ತಲೆ ಕೆಟ್ಟಿದೆಯಾ ನಿಮಗೆ? ಸಕ್ಕರೆ ಸಾಲ ಕೊಟ್ಟ ಹಾಗೆ ಗಾಡಿ ಹೆಸರು ಕೊಡುತ್ತಾರಾ? ಕೊಲೆ ಕೇಸನ್ನು ಯಾರಾದರೂ ಮೈಮೇಲೆ ಎಳೆದುಕೊಳ್ಳುತ್ತಾರಾ?" ಅಂದೆ. ಇವರು, "ಕೊಲೆಯಲ್ಲ ನುಜ್ಜು, ಅಜಾಗರೂಕತೆ. ದಂಡ ಕಟ್ಟಿದರೆ ಮುಗಿಯುತ್ತದೆ ಅಂತ ವಕೀಲರು ಹೇಳಿದ್ದಾರಂತೆ. ಆ ಹುಡುಗಿಗೆ ಯಾರಿದ್ದಾರೆ?" ಅಂದರು. ಆ ವಾರ ಇವರಿಗೆ ಯಾರ ಮಗುವಿಗಾದರೂ ಏನಾದರೂ ಮಾಡಬೇಕಾಗಿತ್ತು ವೀಣ. ನನಗೆ ಅರ್ಥವಾಯಿತು, ತಡೆಯಲಿಲ್ಲ.

ಆ ಮಧ್ಯಾಹ್ನ ಗ್ಯಾರೇಜಿನಿಂದ ಸುತ್ತಿಗೆ ಸದ್ದು ಬಂತು. ಜಜ್ಜಿದ ತಗಡಿನ ತಗ್ಗು ಎತ್ತುವ ಸದ್ದು ನನಗೆ ಚೆನ್ನಾಗಿ ಗೊತ್ತು, ಮದುವೆಯಾದಾಗಿನಿಂದ ಕೇಳಿದ್ದೇನೆ, ಸಣ್ಣ ಸಣ್ಣ ಏಟು, ನಡುನಡುವೆ ಕೈಯಾಡಿಸುವ ಮೌನ. ಇದು ಹಾಗಿರಲಿಲ್ಲ. ಒಂದೇ ಒಂದು ದೊಡ್ಡ ಏಟು. ಇಡೀ ಜೀವಮಾನ ತಗ್ಗು ಸರಿಮಾಡಿದ ಮನುಷ್ಯ ತನ್ನ ಗಾಡಿಯ ಮೂತಿಗೆ ತಾನೇ ತಗ್ಗು ಮಾಡಿದರು. ಮರುದಿನ ಠಾಣೆಗೆ ಹೋಗಿ, ಗುದ್ದಿದ್ದು ನಾನೇ, ಹೆದರಿ ಓಡಿ ಹೋಗಿದ್ದೆ ಅಂದರು.

ಇನ್ನು ಮುಂದಿನದನ್ನು ಹಗಲು ಹೊತ್ತಿನಲ್ಲಿ ಓದು. ಠಾಣೆಯಿಂದ ಗಾಡಿ ಬಿಡಿಸಿಕೊಂಡು ಬಂದ ಮೇಲೆ ಚಿಕ್ಕಬೋರಮ್ಮ ಹೇಳಿ ಕಳಿಸಿದಳು. ರಸ್ತೆಯಲ್ಲಿ ಸತ್ತವರು ರಸ್ತೆಯಲ್ಲೇ ನಿಂತಿರುತ್ತಾರಂತೆ. ಗುದ್ದಿದವನೇ, ಗುದ್ದಿದ ಗಾಡಿಯಲ್ಲೇ ಅವರನ್ನು ಕೂರಿಸಿಕೊಂಡು ಮನೆಗೆ ಬಿಡಬೇಕು, ಅದು ಅವರ ಮನೆತನದ ಪದ್ಧತಿ. ಮುದುಕಿಗೂ ಮೊಮ್ಮಗಳಿಗೂ ಗುದ್ದಿದವರು ಇವರೇ ಅಂತ ನಂಬಿಕೆ. ಜವರಯ್ಯನವರು "ಓಗ್ಬನ್ನಿ ಸಾಬ್ರೆ, ಇಲ್ದೆ ಓದ್ರೆ ಊರ್ನಲ್ ಅನುಮಾನ ಬತ್ತದೆ" ಅಂದರು. ಬೇಡವೆಂದರೂ ಕೇಳದೆ ನಾನೂ ಟೆಂಪೊ ಹಿಂದೆ ಹತ್ತಿ ಕುಳಿತೆ.

ಬೆಳಗಿನ ಮಂಜು ಇನ್ನೂ ಕರಗಿರಲಿಲ್ಲ. ರಸ್ತೆ ಪಕ್ಕ ಎಲೆ ಹಾಕಿ ಮುದ್ದೆ, ಸಾರು, ಒಂದು ಚೊಂಬು ಹಾಲು ಇಟ್ಟಿದ್ದರು. ಊರಿನವರು ದೂರ ನಿಂತಿದ್ದರು, ಪುನೀತ ಎಲ್ಲರಿಗಿಂತ ಹಿಂದೆ. ಮುದುಕಿ ಮಂಜಿನ ಕಡೆ ತಿರುಗಿ, ಪಕ್ಕದ ಮನೆಯವರನ್ನು ಕರೆಯುವಷ್ಟು ಸಲೀಸಾಗಿ, "ದೇವೀ, ಬಾರವ್ವ. ನಿನ್ ಗುದ್ದಿದೋನು ಬಂದವ್ನೆ. ಮೊಕ ಸರ್ಯಾಗ್ ನೋಡ್ಕೊ" ಅಂದಳು. ಇವರಿಗೆ, "ನಾನೇ ಕಣವ್ವ ಅಂತ ಮೂರ್ ಸತಿ ಏಳಪ್ಪ" ಅಂದಳು. ಇವರು ಹೇಳಿದರು. ಮೊದಲನೆಯದು ಪಾಠ ಒಪ್ಪಿಸಿದ ಹಾಗಿತ್ತು. ಎರಡನೆಯದು ನಡುಗಿತು. ಮೂರನೆಯ ಸಲ ಇವರ ದನಿ ಕೇಳಿ ನಾನು ತಲೆಯೆತ್ತಿ ನೋಡಿದೆ, ಸುಳ್ಳು ಹೇಳುವವರ ದನಿ ಆಗಿರಲಿಲ್ಲ.

ಗಗನ ಡ್ರೈವರ್ ಪಕ್ಕದ ಬಾಗಿಲು ತೆಗೆದು ಹಿಡಿದಳು. ಮುದುಕಿ ಸ್ವಲ್ಪ ಹೊತ್ತು ಕಾದು, "ಹತ್ತುದ್ಲು. ಓಡ್ಸಪ್ಪ, ನಿದಾನ್ಕೆ" ಅಂದಳು. ಇವರು ಓಡಿಸಿದರು. ಹಿಂದಿನಿಂದ ಗಾಜಿನಲ್ಲಿ ನನಗೆ ಇವರ ತಲೆ, ಪಕ್ಕದ ಖಾಲಿ ಸೀಟು ಕಾಣುತ್ತಿತ್ತು. ತಿರುವಿನಲ್ಲಿ ಇವರು ಎಡಗೈ ಚಾಚಿ ಯಾರೋ ಮುಂದಕ್ಕೆ ಬೀಳದ ಹಾಗೆ ಅಡ್ಡ ಹಿಡಿದರು. ಮನೆ ಮುಂದೆ ಗಗನ ಮತ್ತೆ ಬಾಗಿಲು ತೆಗೆದಳು. "ಇಳಿಯವ್ವ" ಅಂದಳು ಮುದುಕಿ. ಎಲ್ಲರೂ ಕಾದೆವು. ಮುದುಕಿ ಸೀಟನ್ನೇ ನೋಡುತ್ತಾ, "ಇಳೀತಾ ಇಲ್ವಲ್ಲ" ಅಂದಳು. ಜವರಯ್ಯನವರು ಗಾಬರಿಯಿಂದ "ಇಳುದ್ಲು ಬುಡಮ್ಮ, ಇಳುದ್ಲು" ಅಂತ ತಾವೇ ಬಾಗಿಲು ದಬ್ಬಿ ಹಾಕಿದರು. ಮುದುಕಿ ಒಪ್ಪಲಿಲ್ಲ. "ಅವ್ಳು ಇವ್ರ್ ಜೊತೇಲೇ ಓಯ್ತವ್ಳೆ. ಇವ್ರು ನಮ್ಮನೆ ಆಲು ಕುಡೀತಿದ್ರೆ ಮನೆ ಗ್ಯಾಪ್ಕ ಬಂದು ಬತ್ತಳೆ" ಅಂತ ಹೇಳಿ, ವಾರಕ್ಕೊಮ್ಮೆ ಗಗನಳ ಕೈಯಲ್ಲಿ ನಮ್ಮ ಮನೆಗೆ ಹಾಲು ಕಳಿಸುವುದಾಗಿ ತೀರ್ಮಾನ ಮಾಡಿದಳು.

ಬರುವಾಗ ಇವರು ನಗುತ್ತಾ, "ಮುಂದೆ ಬಾ, ಸೀಟು ಖಾಲಿಯಿದೆ" ಅಂದರು. ನಾನು ಹಿಂದೆಯೇ ಕುಳಿತು ಬಂದೆ. ನಿನಗೂ ನಿನ್ನ ಮಗಳು ಚಂದನಾಳಿಗೂ ದೇವರು ಒಳ್ಳೆಯದು ಮಾಡಲಿ.

ನಿನ್ನ
ನುಜ್ಹತ್

*

ಮದ್ದೂರು
8 ಜೂನ್ 2025

ಪ್ರೀತಿಯ ವೀಣ,

ಮತ್ತೆ ತಡವಾಯಿತು. ಈ ಸಲ ಕ್ಷಮೆ ಕೇಳುತ್ತೇನೆ, ಬರೆಯಲು ಕುಳಿತಾಗಲೆಲ್ಲ ಕೈ ಹಿಂದೆ ಹೋಗುತ್ತಿತ್ತು. ಚಂದನ ಎಸ್ಸೆಸ್ಸೆಲ್ಸಿಯಲ್ಲಿ ಪಾಸಾದದ್ದು ಕೇಳಿ ಸಂತೋಷವಾಯಿತು. ಅಮ್ಮನ ಹಾಗೆ ಲೆಕ್ಕದಲ್ಲಿ ಪಕ್ಕದವರ ಪೇಪರು ನೋಡಿರಲಾರಳು ಅಂದುಕೊಂಡಿದ್ದೇನೆ. ನಮ್ಮ ಅತ್ತೆ ಮಹಬೂಬ್ ಬೀಗೆ ಎದೆನೋವು ಹಾಗೇ ಇದೆ, ಬಾಯಿ ಮಾತ್ರ ಗಟ್ಟಿಯಾಗಿದೆ.

ಗಗನ ಪ್ರತಿ ಭಾನುವಾರ ಬಸ್ಸಿನಲ್ಲಿ ಹಾಲು ತರುತ್ತಾಳೆ. ಮೊದಮೊದಲು ಬಾಗಿಲಲ್ಲೇ ಚೊಂಬು ಇಟ್ಟು ಹೋಗುತ್ತಿದ್ದಳು. ತಾಯಿಯನ್ನು ಕೊಂದವರ ಮನೆಯೊಳಗೆ ಹೇಗೆ ತಾನೇ ಬಂದಾಳು? ಒಂದು ದಿನ ಮಳೆ ಬಂತು, ಒಳಗೆ ಕರೆದೆ. ಈಗ ನನ್ನ ಹತ್ತಿರ ಹೊಲಿಗೆ ಕಲಿಯುತ್ತಿದ್ದಾಳೆ. ಕೈ ಚುರುಕು, ಮಾತು ಕಡಿಮೆ. ಅವಳು ಮಿಷನ್ ತುಳಿಯುವ ಸದ್ದು ಕೇಳುತ್ತಾ ಅಡುಗೆ ಮಾಡುವುದು ನನಗೆ ಇಷ್ಟವಾಗುತ್ತದೆ. ಅದನ್ನೂ ಹೇಳಿಬಿಡುತ್ತೇನೆ, ಭಾನುವಾರ ಬಂದರೆ ಸಾಕು ಅಂತ ಕಾಯುತ್ತೇನೆ.

ಹಾಲನ್ನು ಇವರೊಬ್ಬರೇ ಕುಡಿಯುವುದು, ಅದೇ ಕಟ್ಟಳೆ. ಅದರಿಂದಲೋ, ಆವತ್ತು ಮಂಜಿನಲ್ಲಿ ಆಡಿದ ಮಾತಿನಿಂದಲೋ ತಿಳಿಯದು, ಇವರಲ್ಲಿ ಏನೋ ಬದಲಾಗಿದೆ. ಮನೆಯಲ್ಲಿ ಉರುಳಿದ ವಸ್ತು ಯಾವುದೂ ಇವರ ಕಣ್ಣಿಗೆ ಬೀಳುವ ಹಾಗಿಲ್ಲ. ಎಣ್ಣೆ ಬಾಟಲು, ಪೌಡರ್ ಡಬ್ಬ, ಕೊನೆಗೆ ಬೀದಿಯಲ್ಲಿ ಬಿದ್ದ ಪ್ಲಾಸ್ಟಿಕ್ ಲೋಟ, ಎಲ್ಲವನ್ನೂ ಎತ್ತಿ ನೆಟ್ಟಗೆ ನಿಲ್ಲಿಸುತ್ತಾರೆ. ನಿಲ್ಲಿಸಿ ಒಂದು ಕ್ಷಣ ಕೈ ಬಿಡದೆ ಹಿಡಿದುಕೊಳ್ಳುತ್ತಾರೆ. ಇನ್ನು ಟೆಂಪೊ. ಆ ತಗ್ಗನ್ನು ಇವರೇ ಎತ್ತಿ, ಪೇಂಟ್ ಹೊಡೆದು, ಕನ್ನಡಿಯಂತೆ ಮಾಡಿದ್ದಾರೆ. ಆದರೂ ಬೆಳಗ್ಗೆ ಎದ್ದವರು ಗಾಡಿಯ ಮೂತಿಗೆ ಕೈ ಇಟ್ಟು, "ಇನ್ನೂ ಇದೆ" ಅನ್ನುತ್ತಾರೆ. ನಾನು ನೋಡಿದೆ, ಏನೂ ಕಾಣಲಿಲ್ಲ. ಕಣ್ಣು ಮುಚ್ಚಿ ಕೈಯಾಡಿಸು ಅಂದರು. ಕೈಯಾಡಿಸಿದೆ. ಒಂದು ತೆಂಗಿನಕಾಯಿ ಕೂರುವಷ್ಟು ತಗ್ಗು ಕೈಗೆ ಸಿಕ್ಕಿತು.

ಅಷ್ಟಾದರೂ ಸಹಿಸಿಕೊಳ್ಳಬಹುದಿತ್ತು. ಪರಿಹಾರದ ಕೇಸಿನಲ್ಲಿ ಇನ್ಸೂರೆನ್ಸ್ ಕಂಪನಿಯವರು ತಕರಾರು ಹಾಕಿದ್ದಾರೆ. ದೇವಿರಮ್ಮ ಹಿಂದೆ ಮುಂದೆ ನೋಡದೆ ರಸ್ತೆಗೆ ಅಡ್ಡ ಬಂದಳು, ನಡೆದು ಹೋಗುವವರಿಗೂ ಎಚ್ಚರ ಇರಬೇಕು, ಆದ್ದರಿಂದ ಅರ್ಧ ತಪ್ಪು ಅವಳದೇ, ಪರಿಹಾರವೂ ಅರ್ಧವೇ ಎಂದು. ಗಗನ ಇದನ್ನು ಹೇಳುತ್ತಾ ಮಿಷನ್ ಮೇಲೆ ತಲೆಯಿಟ್ಟು ಅತ್ತಳು. "ದುಡ್ಡು ಓಗ್ಲಿ ಆಂಟಿ. ನಮ್ಮವ್ವ ಅಂಗೆಲ್ಲ ಅಡ್ಡಡ್ಡ ಓಡೋಳಲ್ಲ. ಸತ್ತೋಳ್ ಮ್ಯಾಲೂ ತೆಪ್ ಒರುಸ್ತರಲ್ಲ" ಅಂದಳು.

ಇವರು ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತಾ ನಿಂತಿದ್ದರು. "ಇಲ್ಲಮ್ಮ," ಅಂದರು, "ನಿಮ್ಮವ್ವ ಅಂಚಿನಲ್ಲೇ ಇದ್ದರು, ಮಣ್ಣಿನ ಮೇಲೆ. ಎಡಗೈಯಲ್ಲಿ ಕ್ಯಾನು, ತಲೆ ಮೇಲೆ ಸೆರಗು. ನಾನೇ ಮಂಜಿನಲ್ಲಿ ರಸ್ತೆ ಬಿಟ್ಟು ಇಳಿದೆ. ಬಿದ್ದ ಮೇಲೂ ಅವರಿಗೆ ಪ್ರಜ್ಞೆ ಇತ್ತು. ನಾನು ಗಾಡಿಯಿಂದ ಇಳಿದೆ. 'ಆಲು ಚೆಲ್ಲೋಯ್ತದೆ ಕಣಪ್ಪ, ಕ್ಯಾನ್ ನಿಲ್ಸು, ಡೈರಿ ಬಾಗ್ಲಾಕ್ಬುಡ್ತರೆ' ಅಂದರು. ನಾನು ಕ್ಯಾನು ಎತ್ತಿ ನಿಲ್ಲಿಸಿದೆ. ಅವರನ್ನು ಎತ್ತಲಿಲ್ಲ. ಓಡಿ ಹೋದೆ." ಗಗನ ಅಳುವುದನ್ನು ನಿಲ್ಲಿಸಿ ಇವರನ್ನೇ ನೋಡಿದಳು. ಆಮೇಲೆ ಚೊಂಬು ತೊಳೆದುಕೊಂಡು ಬಸ್ಸಿಗೆ ಹೋದಳು.

ಹುಡುಗಿಯ ಸಮಾಧಾನಕ್ಕೆ ಎಷ್ಟು ಚೆನ್ನಾಗಿ ಕಟ್ಟಿದರು ಅಂದುಕೊಂಡೆ. ಅವಳು ಹೋದ ಮೇಲೆ, "ನಾಟಕ ಮುಗಿಯಿತಾ?" ಅಂತ ರೇಗಿಸಿದೆ. ಇವರು ನಗಲಿಲ್ಲ. "ಯಾವ ನಾಟಕ?" ಅಂದರು. "ನೀವು ಆವತ್ತು ಮಂಡ್ಯದಲ್ಲಿ ನನ್ನ ಹತ್ತಿರ ಇದ್ದಿರಿ" ಅಂದೆ. "ಇದ್ದೆ ಅಂತ ನೀನು ಹೇಳುತ್ತೀಯ. ಆದರೆ ನನಗೆ ಕಾಣುವುದು ರಸ್ತೆ" ಅಂದರು. ಅತ್ತೆ ಒಳಗಿನಿಂದ ಬಂದು ಇವರ ಹಣೆ ಮುಟ್ಟಿ ನೋಡಿದರು. ಜ್ವರ ಇರಲಿಲ್ಲ.

ಎರಡು ದಿನ ಬಿಟ್ಟು ಪುನೀತ ಬಂದ. ಮೈ ತುಂಬಿಕೊಂಡಿದ್ದಾನೆ, ಮದುವೆ ಗೊತ್ತಾಗಿದೆಯಂತೆ. ಊರಿನಲ್ಲಿ ಗಗನ ಹೇಳಿದ ಮಾತು ಅವನ ಕಿವಿಗೆ ಬಿದ್ದಿತ್ತು. ಇವರು ಗಾಡಿ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದಾಗ ನನ್ನ ಹತ್ತಿರ ಬಂದು ಪಿಸುಗುಟ್ಟಿದ.

"ಅಕ್ಕ, ನಾನ್ ಇಳ್ದು ಕ್ಯಾನ್ ನಿಲ್ಸಿದ್ದು, ಅವಮ್ಮ ಅಂದಿದ್ ಮಾತು, ಅದ ನಾನ್ ದೊಡ್ಡಪ್ಪುಂಗೂ ಏಳಿಲ್ಲ ಕಣಕ್ಕ. ಇವತ್ಗಂಟ ಒಬ್ರುಗೂ ಏಳಿಲ್ಲ. ವಾಜಿದಣ್ಣುಂಗೆ ಯೆಂಗ್ ಗೊತ್ತಾಯ್ತು?"

"ಹಾಗಾದರೆ ನಿಜವಾ?" ಅಂದೆ.

"ನಿಜ್ವೇ ಇರ್ಬೇಕು ಕಣಕ್ಕ" ಅಂದ. ಇರಬೇಕು ಅಂದ, ನೋಡು. "ಮೊದ್ಲು ಕಣ್ ಮುಚ್ಚುದ್ರೆ ಸಾಕು, ಬರೋಳು. ಊಟ ಸೇರ್ತಿರ್ಲಿಲ್ಲ. ಈಗ ಎಷ್ಟ್ ಗ್ಯಾಪ್ಕ ಮಾಡ್ಕಂಡ್ರೂ ಬರಕಿಲ್ಲ. ಆವತ್ತು ನಾನು ಗೆಜ್ಜಲಗೆರೆ ಫ್ಯಾಕ್ಟ್ರಿ ಇಂದೆ ಗಾಡಿ ಆಕ್ಕಂಡು ಸಂಜೆಗಂಟ ಅದ್ರೊಳ್ಗೇ ಕೂತಿದ್ನಂತೆ, ಅದೂ ದೊಡ್ಡಪ್ಪ ಏಳ್ದಾಗ್ಲೇ ಗೊತ್ತಾಗೋದು. ಬ್ಯಾರೆಯೋರ್ ಕತೆ ಕೇಳ್ದಂಗಾಯ್ತದೆ ಕಣಕ್ಕ."

ನಿದ್ದೆ ಚೆನ್ನಾಗಿ ಬರುತ್ತದಾ ಅಂತ ಕೇಳಿದೆ. ನಾಚಿಕೊಂಡು, "ಬತ್ತದೆ" ಅಂದ. ಕಪಾಳಕ್ಕೆ ಹೊಡೆಯಬೇಕು ಅನ್ನಿಸಿತು. ಆದರೆ ಯಾವುದಕ್ಕೆ ಅಂತ ಹೊಡೆಯಲಿ? ಅವನ ಮುಖದಲ್ಲಿ ತಪ್ಪೇ ಇರಲಿಲ್ಲ. ತೊಳೆದ ತಟ್ಟೆಯ ಹಾಗಿತ್ತು.

ನಾನೇನು ಮಾಡಲಿ ವೀಣ? ನಿಜ ಹೇಳಿದರೆ ಗಗನಳ ಕೇಸು ಬಿದ್ದು ಹೋಗುತ್ತದೆ, ಸುಳ್ಳು ಹೇಳಿಕೆ ಕೊಟ್ಟಿದ್ದಕ್ಕೆ ಇವರ ಮೇಲೆ ಬೇರೆ ಕೇಸು. ಹೇಳದೆ ಹೋದರೆ ಇವರು ಆ ರಸ್ತೆಯಲ್ಲೇ ಉಳಿದುಬಿಡುತ್ತಾರೆ. ಕೇಸು ಯಾರು ಗೆದ್ದರೂ ನನಗೆ ಆಗಬೇಕಾದ್ದಿಲ್ಲ. ಆ ಬೆಳಗ್ಗೆ ನನ್ನ ಪಕ್ಕದಲ್ಲಿದ್ದ ಮನುಷ್ಯ ನನಗೆ ವಾಪಸು ಬೇಕು. ಯೋಚನೆ ಮಾಡಿ ಬರೆ.

ನಿನ್ನ
ನುಜ್ಹತ್

*

ಮದ್ದೂರು
2 ನವೆಂಬರ್ 2025

ಪ್ರೀತಿಯ ವೀಣ,

"ನಿಜ ಹೇಳಿಬಿಡು, ಆಮೇಲೆ ಏನಾದರೂ ಆಗಲಿ" ಎಂದು ನೀನು ಬರೆದ ಕಾಗದವನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ. ಉತ್ತರ ಬರೆಯದೆ ಇದ್ದದ್ದಕ್ಕೆ ಕೋಪ ಬೇಡ. ಹೇಳಿದ ಮೇಲೆ ಬರೆಯೋಣ ಅಂದುಕೊಂಡಿದ್ದೆ. ಹೇಳಿದೆ. ಏನಾಯಿತು ಕೇಳು.

ಶ್ರಾವಣದಲ್ಲಿ ಇನ್ಸೂರೆನ್ಸ್ ಕಂಪನಿಯ ಕಡೆಯಿಂದ ಒಬ್ಬರು ವಿಚಾರಣೆಗೆ ಬಂದರು. ಇಸ್ತ್ರಿ ಷರ್ಟು, ಮೃದು ಮಾತು. ಬೇರೆ ಗಾಡಿಯನ್ನು ಕೇಸಿಗೆ ತೋರಿಸುವುದು ಈ ಕಡೆ ಉಂಟು ಅಂತ ಅವರಿಗೆ ಅನುಮಾನ. ಭಾನುವಾರವಾದ್ದರಿಂದ ಗಗನ ಮಿಷನ್ ಮುಂದೆ ಕುಳಿತಿದ್ದಳು. ಅವರು ನನ್ನನ್ನೇ ಕೇಳಿದರು: "ಆವತ್ತು ಬೆಳಗ್ಗೆ ನಿಮ್ಮ ಯಜಮಾನರು ಎಲ್ಲಿದ್ದರಮ್ಮ?"

"ನನ್ನ ಜೊತೆ, ಮಂಡ್ಯದ ಆಸ್ಪತ್ರೆಯಲ್ಲಿ" ಅಂದೆ. ಮಿಷನ್ ಸದ್ದು ನಿಂತಿತು.

ಕಂಪನಿಯವರು ಪೆನ್ನು ತೆಗೆದರು. ಆಗ ಇವರು, ನನ್ನ ಮೇಲೆ ಒಂಚೂರೂ ಕೋಪವಿಲ್ಲದೆ, ಮಗುವಿಗೆ ಹೇಳಿದ ಹಾಗೆ ಹೇಳಿದರು. "ಅವಳಿಗೆ ಆವತ್ತು ಪ್ರಜ್ಞೆ ಇರಲಿಲ್ಲ ಸಾರ್. ಆಪರೇಷನ್ ಆಗುತ್ತಿತ್ತು. ನಾನು ಪಕ್ಕದಲ್ಲಿದ್ದೆ ಅಂದುಕೊಂಡಿದ್ದಾಳೆ, ಪಾಪ." ಕಂಪನಿಯವರು ನನ್ನ ಕಡೆ ನೋಡಿದರು. "ಪ್ರಜ್ಞೆ ಇತ್ತಾಮ್ಮ?" ನನಗೆ ಗೊತ್ತಿದ್ದದ್ದು ಇಷ್ಟೇ. ಒಳಗೆ ಕರೆದುಕೊಂಡು ಹೋಗುವಾಗ ಇವರು ನನ್ನ ಕೈ ಹಿಡಿದಿದ್ದರು. "ಕೈ ಹಿಡಿದಿದ್ದಿರಲ್ಲ" ಅಂದೆ. "ಅದು ಹಿಂದಿನ ದಿನ ಕಣೇ" ಅಂದರು. ಹಿಂದಿನ ದಿನವೂ ಹಿಡಿದಿದ್ದರು, ಅದು ಸುಳ್ಳಲ್ಲ. ನಾನು ಯಾವ ಕೈಯ ಮೇಲೆ ಆಣೆ ಇಡಲಿ?

ಆಸ್ಪತ್ರೆಗೆ ಹೋಗಿ ಕೇಳಿ, ನರ್ಸುಗಳನ್ನು ಕೇಳಿ ಅನ್ನಬಹುದಿತ್ತು. ಬಾಯಿ ತೆರೆದೆ ಕೂಡ. ಗಗನ ನನ್ನನ್ನೇ ನೋಡುತ್ತಿದ್ದಳು, ಕೈಯಲ್ಲಿ ಅರ್ಧ ಹೊಲಿದ ರವಿಕೆ. ಅವಳ ಅವ್ವ ಅಂಚಿನಲ್ಲೇ ನಡೆಯುತ್ತಿದ್ದಳು ಅಂತ ಹೇಳಲು ಈ ಜಗತ್ತಿನಲ್ಲಿ ಉಳಿದಿರುವವರು ಇವರೊಬ್ಬರೇ. ಪುನೀತನಿಗೆ ಈಗ ಕೇಳಿದರೂ ಗೊತ್ತಿಲ್ಲ. ನಾನು ಬಾಯಿ ಮುಚ್ಚಿಕೊಂಡು ಟೀ ಮಾಡಲು ಒಳಗೆ ಹೋದೆ.

ಕಳೆದ ತಿಂಗಳು ಕೋರ್ಟಿನಲ್ಲಿ ಇವರ ಸಾಕ್ಷಿ ಆಯಿತು. ನಾನು, ಅತ್ತೆ, ಚಿಕ್ಕಬೋರಮ್ಮ, ಗಗನ, ಜವರಯ್ಯನವರು ಎಲ್ಲ ಇದ್ದೆವು. ಇವರು ನಿಂತು ಹೇಳಿದರು. ಮಂಜು, ಸೆರಗು, ಕ್ಯಾನು, ಅವಳ ಮಾತು, ತಾನು ಅವಳನ್ನು ಜೀವ ಇದ್ದಾಗಲೇ ಬಿಟ್ಟು ಓಡಿದ್ದು. "ತಪ್ಪೆಲ್ಲ ನನ್ನದು ಸ್ವಾಮಿ, ಆಕೆಯದು ಏನೂ ಇಲ್ಲ" ಅಂದರು. ಕಂಪನಿಯ ವಕೀಲರು ಎದ್ದು ನಿಂತರು, ಏನೂ ಕೇಳಲು ತೋಚದೆ ಕುಳಿತರು. ಜವರಯ್ಯನವರ ಮುಖ ಬಿಳಚಿಕೊಂಡಿತು. ಮುದುಕಿ ಮಾತ್ರ ಇವರನ್ನು ನೋಡಲಿಲ್ಲ, ಇವರ ಪಕ್ಕದ ಖಾಲಿ ಜಾಗವನ್ನು ನೋಡುತ್ತಾ ಸಮಾಧಾನವಾಗಿ ತಲೆ ಆಡಿಸುತ್ತಿದ್ದಳು.

ತೀರ್ಪು ಬಂತು. ದೇವಿರಮ್ಮನದು ಎಳ್ಳಷ್ಟೂ ತಪ್ಪಿಲ್ಲ, ಪೂರ್ತಿ ಪರಿಹಾರ ಕಂಪನಿಯವರೇ ಕೊಡಬೇಕು ಅಂತ ಆಯಿತು. ಗಗನ ಆವತ್ತು ಕೋರ್ಟಿನ ಮೆಟ್ಟಿಲ ಮೇಲೆ ನನ್ನನ್ನು ತಬ್ಬಿಕೊಂಡಳು. ಮಂಡ್ಯದಲ್ಲಿ ನರ್ಸಿಂಗ್ ಸೇರುತ್ತಾಳಂತೆ. ಸಂತೋಷಪಡಬೇಕಾದ್ದೇ, ಪಟ್ಟೆ ಕೂಡ. ಆದರೆ ಕ್ರಿಮಿನಲ್ ಕೇಸು ಇನ್ನೂ ಇದೆ. ಗುದ್ದಿದ್ದಕ್ಕಿಂತ ಬಿಟ್ಟು ಓಡಿದ್ದು ದೊಡ್ಡದಾಯಿತು, ಜೈಲು ಆದರೂ ಆಗಬಹುದು ಎಂದು ವಕೀಲರು ಈಗ ರಾಗ ಬದಲಿಸಿದ್ದಾರೆ. ಪುನೀತನ ಮದುವೆಗೆ ಕರೆದಿದ್ದರು, ನಾನು ಹೋಗಲಿಲ್ಲ. ಇವರು ಹೋಗಿ, ಹೊಟ್ಟೆ ತುಂಬ ಊಟ ಮಾಡಿ, ಹುಡುಗನಿಗೆ ಹರಸಿ ಬಂದರು. "ಒಳ್ಳೆ ಹುಡುಗ, ಗಾಡಿ ನಿಧಾನಕ್ಕೆ ಓಡಿಸು ಅಂತ ಹೇಳಿ ಬಂದೆ" ಅಂದರು.

ಇವರಿಗೆ ಈಗ ಯಾವ ಗೊಂದಲವೂ ಇಲ್ಲ. ಅದೇ ನನಗೆ ಭಯ. ಹಾಲು ಕುಡಿಯುತ್ತಾರೆ, ಕೆಲಸ ಮಾಡುತ್ತಾರೆ, ಜೈಲಿಗೆ ಹೋಗಲು ಎರಡು ಜೊತೆ ಬಟ್ಟೆ ಇಸ್ತ್ರಿ ಮಾಡಿಸಿಟ್ಟಿದ್ದಾರೆ.

ನಿಮ್ಮ ಮನೆಯವರಿಗೆ ನನ್ನ ನಮಸ್ಕಾರ. ಚಂದನ ಚೆನ್ನಾಗಿ ಓದಲಿ, ರಸ್ತೆ ದಾಟುವಾಗ ಎರಡೂ ಕಡೆ ನೋಡಲಿ, ನಿನ್ನ ಕೈ ಯಾವಾಗಲೂ ತುಂಬಿರಲಿ. ಸಾಧ್ಯವಾದರೆ ಒಂದು ಸಲ ಬಾ.

ನಿನ್ನ
ನುಜ್ಹತ್

ತಾ.ಕ.: ಲಕೋಟೆಗೆ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿದೆ. ನಿನಗೂ ಹೇಳದ ಒಂದು ಮಾತಿದೆ. ನನ್ನ ಮಗಳ ಮುಖ ನಾನು ನೋಡಲಿಲ್ಲ ವೀಣ. ನನಗೆ ಎಚ್ಚರವಾಗುವ ಹೊತ್ತಿಗೆ ಇವರು ಅವಳನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಮದ್ದೂರಿಗೆ ತಂದು ಮಣ್ಣು ಮಾಡಿಯಾಗಿತ್ತು. ಅತ್ತೆಯ ಎದೆ ತಡೆಯಲಾರದು ಅಂತ ಅವರಿಗೂ ಬಟ್ಟೆ ಸರಿಸಿ ತೋರಿಸಿರಲಿಲ್ಲ. ಫೋಟೊ ತೆಗೆಯಲು ಮನಸ್ಸು ಬರಲಿಲ್ಲ ಅಂದಿದ್ದರು. ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ಆ ಮುಖ ನೋಡಿದವರು ಇವರೊಬ್ಬರೇ. "ಹೇಗಿದ್ದಳು ಅಂತ ನಿನಗೆ ಶಕ್ತಿ ಬಂದಾಗ ಕೇಳು, ಹೇಳುತ್ತೇನೆ" ಅಂದಿದ್ದರು. ವರ್ಷ ತುಂಬುತ್ತಾ ಬಂತು. ಶಕ್ತಿ ಬಂದಿದೆ ಅನ್ನಿಸಿ, ನಿನ್ನೆ ಬೆಳಗ್ಗೆ ಟೀ ಕೊಟ್ಟು ಕೇಳಿದೆ.

"ನಾನೆಲ್ಲಿ ನೋಡಿದೆ ನುಜ್ಜು? ನಾನು ಆವತ್ತು ಗೆಜ್ಜಲಗೆರೆಯಲ್ಲಿ ಫ್ಯಾಕ್ಟರಿ ಹಿಂದೆ ಗಾಡಿಯೊಳಗೆ ಕೂತಿದ್ದೆನಲ್ಲ" ಅಂದರು. ಆಮೇಲೆ ನನ್ನ ಕೈ ಹಿಡಿದುಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, "ನಿನಗಾದರೂ ತೋರಿಸಿದರಲ್ಲ. ಹೇಳು, ಯಾರ ಹಾಗಿದ್ದಳು?" ಅಂದರು.

ಏನು ಹೇಳಲಿ? ಬಾಯಿಗೆ ಬಂದದ್ದು ಹೇಳಿದೆ. ಕೂದಲು ದಟ್ಟವಾಗಿತ್ತು, ಮೂಗು ನಿಮ್ಮದೇ, ಕೆನ್ನೆಯಲ್ಲಿ ಒಂದು ಗುಳಿ ಇತ್ತು ಅಂದೆ. ಇವರು ಅಳುತ್ತಾ ನಕ್ಕರು.

ಇವತ್ತು ಬೆಳಗ್ಗೆ ಎದ್ದಾಗ ಅವಳು ನನಗೆ ಕಾಣಿಸಿದಳು ವೀಣ. ಗುಳಿ ಎಡಗೆನ್ನೆಯಲ್ಲಿದೆ. ಯಾವ ಕೆನ್ನೆ ಅಂತ ನಾನು ಹೇಳಿರಲಿಲ್ಲ.